ಮೊದಲ ಭಾಗ ನಮಗೆ ನೆನಪಿದೆ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಈಚೆಗೆ ಬಂದ ಒಂದು ಬರಹ ಓದಿದ ಮೇಲೆ ಎರಡು ದಿನ ಅದೇ ತಲೆಯಲ್ಲಿ ಓಡುತ್ತಿತ್ತು. ಎರಡನೇ ಭಾಗ, ಮೂರನೇ ಭಾಗ ಅಂತ ಬರುವ ಆ್ಯಕ್ಷನ್ ಸಿನಿಮಾಗಳೆಲ್ಲ ಹೊಸ ಕಥೆ ಸಿಗದವರ ಕೆಲಸ, ವಿಡಿಯೊ ಗೇಮ್‌ಗಳಂತೂ ನಂಬರ್ ಬದಲಿಸಿ ದುಡ್ಡು ಮಾಡುವ ದಾರಿ ಅಂತ ಅದರಲ್ಲಿತ್ತು. ನನಗೆ ಒಪ್ಪಿಗೆಯಾಗಲಿಲ್ಲ. ನಾನು ಇಪ್ಪತ್ತು ವರ್ಷದಿಂದ ಗೇಮ್ ಆಡುತ್ತಿರುವವನು. ಒಳ್ಳೆಯ ಫೈಟಿಂಗ್ ಸಿನಿಮಾ ಬಂದರೆ ದೊಡ್ಡ ಪರದೆಯಲ್ಲೇ ನೋಡಬೇಕು ಅಂತ ವಿರಾಜಪೇಟೆಯಿಂದ ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಸುಮಾರು 100 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ ಬರುವವನು. ಹಾಗಾಗಿ ನೋಡುವವನ, ಆಡುವವನ ಕಡೆಯಿಂದ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಗೊತ್ತಿರುವ ಕಥೆಯನ್ನು ಮತ್ತೆ ನೋಡಲು ಹೋಗುವವರು ದಡ್ಡರು ಅನ್ನುವ ಹಾಗಿತ್ತು ಆ ಬರಹ. ಕೊಡಗಿನವರಿಗೆ ಆ ಮಾತು ಹೇಳಬೇಡಿ. ಮಡಿಕೇರಿ ದಸರಾದಲ್ಲಿ ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪ, ಅಂದರೆ ದೇವರ ಕಥೆ ತೋರಿಸುವ ಚಲಿಸುವ ಬೊಂಬೆಗಳ ಮೆರವಣಿಗೆ, ಹೊರಡುತ್ತವೆ. ಅಸುರ ಸಾಯುತ್ತಾನೆ, ದೇವರು ಗೆಲ್ಲುತ್ತಾರೆ, ಇದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಸ್ವೆಟರ್ ಹಾಕಿಕೊಂಡು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ರಸ್ತೆಯಲ್ಲಿ ನಿಂತಿರುತ್ತಾರೆ. ಹೋದ ವರ್ಷ ಈ ಮಂಟಪದಲ್ಲಿ ಅಸುರನ ತಲೆ ಮಾತ್ರ ತಿರುಗುತ್ತಿತ್ತು, ಈ ವರ್ಷ ಎದ್ದು ಮುಂದಕ್ಕೇ ಬರುತ್ತಿದ್ದಾನೆ ನೋಡು ಅಂತ ಪಕ್ಕದವರಿಗೆ ತೋರಿಸುತ್ತಾರೆ. ಹೋದ ವರ್ಷದ್ದನ್ನು ನೆನಪಿಟ್ಟುಕೊಂಡು ಬಂದವರು ಅವರು. ಮಂಟಪ ಮಾಡುವವರಿಗೂ ಅದು ಗೊತ್ತಿರುತ್ತದೆ. ಅದಕ್ಕೇ ಅಷ್ಟು ಕಷ್ಟಪಡುತ್ತಾರೆ.

2025ರಲ್ಲಿ ವಿಜಯದಶಮಿ ಬಂದಿದ್ದು ಅಕ್ಟೋಬರ್ 2ಕ್ಕೆ, ‘ಕಾಂತಾರ’ದ ಚಾಪ್ಟರ್ 1 ಬಿಡುಗಡೆಯಾಗಿದ್ದೂ ಅದೇ ದಿನ. ಆ ರಾತ್ರಿ ನಾವು ಮಂಟಪ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಸಿನಿಮಾವನ್ನು ಭಾನುವಾರ ನೋಡಿದೆವು. 2022ರ ಮೊದಲ ಸಿನಿಮಾದ ಕಥೆಯನ್ನು ಮುಂದಕ್ಕೆ ಎಳೆಯದೆ ರಿಷಬ್ ಶೆಟ್ಟಿ ಕದಂಬರ ಕಾಲಕ್ಕೆ, ಹಿಂದಕ್ಕೆ ಹೋಗಿದ್ದು ನನಗೆ ಇಷ್ಟವಾಯಿತು. ಮೊದಲ ಸಿನಿಮಾದ ಕೊನೆಯಲ್ಲಿ ಮಾಯವಾದ ನಾಯಕನನ್ನು ಸುಮ್ನೆ ವಾಪಸ್ ಕರೆತಂದು ಇನ್ನೊಂದಷ್ಟು ಹೊಡೆದಾಟ ಮಾಡಿಸಬಹುದಿತ್ತು. ಹಾಗೆ ಮಾಡಿದ್ದರೆ ಆ ಕೊನೆಗೆ ಇದ್ದ ಬೆಲೆಯೇ ಹೋಗುತ್ತಿತ್ತು ಅಲ್ವಾ?

ನನ್ನ ವಾದ ಇಷ್ಟೇ. ಮೊದಲ ಭಾಗದಲ್ಲಿ ಆಗಿದ್ದೆಲ್ಲ ನೋಡಿದವನಿಗೆ, ಆಡಿದವನಿಗೆ ನೆನಪಿರುತ್ತದೆ. ಮಾಡಿದವರಿಗೂ ಅದು ನೆನಪಿದ್ದರೆ ಎರಡನೇ ಭಾಗ ಮೊದಲಿನದ್ದಕ್ಕಿಂತ ದೊಡ್ಡದಾಗಬಹುದು. ಅವರು ಮರೆತರೆ, ಅಥವಾ ನಾವು ಮರೆತಿದ್ದೇವೆ ಅಂದುಕೊಂಡರೆ, ಎಷ್ಟು ಕಾರು ಹಾರಿಸಿದರೂ ಪ್ರಯೋಜನವಿಲ್ಲ.

‘ಟರ್ಮಿನೇಟರ್’ ನೋಡಿ. ಮೊದಲನೆಯದು 1984ರದ್ದು, ಎರಡನೆಯದು 1991ರದ್ದು, ಎರಡೂ ಜೇಮ್ಸ್ ಕ್ಯಾಮರೂನ್ ಮಾಡಿದ್ದು. ಮೊದಲ ಭಾಗದ ಸಾರಾ ಕಾನರ್ ಹೋಟೆಲಿನಲ್ಲಿ ಊಟ ಬಡಿಸುವ ಸಾಧಾರಣ ಹುಡುಗಿ. ಅವಳಿಗೆ ಮುಂದೆ ಮಗ ಹುಟ್ಟಬಾರದು ಅಂತ, ನಟ ಅರ್ನಾಲ್ಡ್ ಶ್ವಾರ್ಜನೆಗರ್ ರೂಪದ ಯಂತ್ರ ಅವಳನ್ನು ಕೊಲ್ಲಲು ಬೆನ್ನು ಹತ್ತುತ್ತದೆ. ಎರಡನೇ ಭಾಗಕ್ಕೆ ಬರುವಾಗ ಅವಳು ಗುರುತೇ ಸಿಗದಷ್ಟು ಬದಲಾಗಿದ್ದಾಳೆ. ಆಗಿದ್ದನ್ನು ಹೇಳಿದರೆ ಯಾರೂ ನಂಬದೆ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿ ಹಾಕಿದ್ದಾರೆ. ಅವಳು ಅಲ್ಲಿಂದ ತಪ್ಪಿಸಿಕೊಂಡು ಓಡಿ ಬರುವಾಗ ಲಿಫ್ಟ್ ಬಾಗಿಲು ತೆರೆಯುತ್ತದೆ, ಒಳಗಿಂದ ಅದೇ ಮುಖ ಹೊರಗೆ ಬರುತ್ತದೆ. ಈ ಸಲ ಅದು ಕಾಪಾಡಲು ಬಂದಿರುವುದು ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕಾಲು ಜಾರಿ ಬೀಳುತ್ತಾಳೆ, ಹಿಂದಕ್ಕೆ ತೆವಳುತ್ತಾಳೆ, ಯಾರಿಂದ ತಪ್ಪಿಸಿಕೊಂಡು ಬಂದಳೋ ಅವರ ಕಡೆಗೇ ವಾಪಸ್ ಓಡುತ್ತಾಳೆ. ಒಂದು ಗುಂಡೂ ಹಾರುವುದಿಲ್ಲ. ಮೊದಲ ಭಾಗ ಇಡೀ ಅವಳ ಮುಖದಲ್ಲಿ ಇರುತ್ತದೆ. ನಾನು ಅದನ್ನು ಮೊದಲು ನೋಡಿದ್ದು ದೊಡ್ಡಮ್ಮನ ಮನೆಯ ಚಿಕ್ಕ ಟಿವಿಯಲ್ಲಿ, ಅಣ್ಣನ ಜೊತೆ. ಆವತ್ತಿನಿಂದ ಇವತ್ತಿನವರೆಗೆ ಆ ಜಾಗಕ್ಕೆ ಬಂದರೆ ಮೈ ಜುಮ್ ಅನ್ನುತ್ತದೆ.

ಅದೇ ಸರಣಿಯಲ್ಲಿ 2019ರಲ್ಲಿ ‘ಡಾರ್ಕ್ ಫೇಟ್’ ಬಂತು. ಎರಡು ಸಿನಿಮಾ ಪೂರ್ತಿ ಯಾವ ಹುಡುಗನನ್ನು ಉಳಿಸಲು ಅಷ್ಟು ಜನ ಒದ್ದಾಡಿದರೋ, ಸಾರಾಳ ಮಗ ಆ ಜಾನ್ ಕಾನರ್‌ನನ್ನು ಶುರುವಿನ ಕೆಲವೇ ನಿಮಿಷದಲ್ಲಿ ಕೊಂದುಬಿಟ್ಟರು. ಆಮೇಲೆ ಅದೇ ಕಥೆ ಬೇರೊಬ್ಬ ಹುಡುಗಿಯ ಹೆಸರಿನಲ್ಲಿ ಮತ್ತೆ ಶುರು. ಫೈಟ್ ಚೆನ್ನಾಗಿದ್ದವು, ಸಾರಾ ಪಾತ್ರಕ್ಕೆ ಲಿಂಡಾ ಹ್ಯಾಮಿಲ್ಟನ್ ಅವರೇ ವಾಪಸ್ ಬಂದಿದ್ದರು, ಅವರ ಮೇಲೆ ನನಗೆ ಗೌರವ ಇದೆ. ಆದರೆ ನನ್ನ ಮನಸ್ಸು ಆ ಮೊದಲ ನಿಮಿಷಗಳಲ್ಲೇ ಸಿನಿಮಾದಿಂದ ಎದ್ದು ಹೋಗಿತ್ತು.

ಇಷ್ಟದ ಪಾತ್ರ ಸತ್ತಿತು ಅಂತ ನಾನು ಅಳುತ್ತಿಲ್ಲ. ಇದನ್ನು ಸರಿಯಾಗಿ ಹೇಳಬೇಕು ಅಂದರೆ ‘ದಿ ಲಾಸ್ಟ್ ಆಫ್ ಅಸ್’ ಗೇಮಿಗೆ ಬರಬೇಕು. 2013ರ ಮೊದಲ ಭಾಗದ ಕೊನೆಯಲ್ಲಿ ಜೋಯಲ್ ಅನ್ನುವವನು ಎಲ್ಲಿ ಅನ್ನುವ ಹುಡುಗಿಯನ್ನು ಉಳಿಸಲು ಆಸ್ಪತ್ರೆಯಲ್ಲಿ ಸಿಕ್ಕವರನ್ನೆಲ್ಲ ಕೊಲ್ಲುತ್ತಾನೆ, ಅವರಲ್ಲಿ ಡಾಕ್ಟರ್ ಕೂಡ ಒಬ್ಬ. ಕೊಂದವನು ಜೋಯಲ್, ಆದರೆ ಬಟನ್ ಒತ್ತಿದವರು ನಾವು. ಆಮೇಲೆ ಆ ಹುಡುಗಿಗೆ ಅವನು ಸುಳ್ಳು ಹೇಳುತ್ತಾನೆ. 2020ರ ಜೂನ್‌ನಲ್ಲಿ ಎರಡನೇ ಭಾಗ ಬಂದಾಗ ನಾನು ಬೆಂಗಳೂರಿನ ಕೆಲಸವನ್ನು ಊರಿನಿಂದಲೇ ಮಾಡುತ್ತಿದ್ದೆ. ನೆಟ್‌ವರ್ಕ್ ನಂಬಿ ಅಷ್ಟು ದೊಡ್ಡ ಗೇಮ್ ಇಳಿಸಿಕೊಳ್ಳುವ ಹಾಗಿರಲಿಲ್ಲ, ಡಿಸ್ಕ್ ತರಿಸಿಕೊಂಡೆ. ಮುಂಗಾರಿನ ಮಳೆ ಹೊಡೆಯುತ್ತಿದೆ, ಹೊರಗೆ ಕಾಲಿಡುವ ಹಾಗಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಆ ಡಾಕ್ಟರ್‌ನ ಮಗಳು ಆಬಿ ಬಂದು ಜೋಯಲ್‌ನನ್ನು ಕೊಲ್ಲುತ್ತಾಳೆ. ನನಗೆ ಬಂದ ಕೋಪ ಹೇಳತೀರದು. ಕಂಟ್ರೋಲರ್ ಕೆಳಗಿಟ್ಟು ಎರಡು ದಿನ ಮುಟ್ಟಲಿಲ್ಲ. ಮತ್ತೆ ಆಡಿದಾಗ, ಅರ್ಧ ದಾರಿಯಲ್ಲಿ ಆ ಆಬಿಯನ್ನೇ ನಮ್ಮ ಕೈಗೆ ಕೊಟ್ಟು ಆಡಿ ಅನ್ನುತ್ತದೆ. ಶುರುವಿನಲ್ಲಿ ಅವಳನ್ನು ಬೇಕೆಂದೇ ಸಾಯಿಸಿದ್ದೂ ಉಂಟು. ನಿಧಾನಕ್ಕೆ ಅರ್ಥವಾಯಿತು. ಏಳು ವರ್ಷದ ಹಿಂದೆ ಆ ಆಸ್ಪತ್ರೆಯಲ್ಲಿ ಆಗಿದ್ದನ್ನು ನಾನು ಬರೀ ಗೆಲುವು ಅಂದುಕೊಂಡಿದ್ದೆ. ಗೇಮ್ ಮಾಡಿದವರು ಆ ಡಾಕ್ಟರ್‌ನನ್ನು ಮರೆತಿರಲಿಲ್ಲ. ಅವನಿಗೂ ಒಬ್ಬಳು ಮಗಳಿದ್ದಳು.

ಎರಡು ಕಡೆಯೂ ಬೇಕಾದವರನ್ನು ಕೊಂದರು. ಒಂದು ಸಾವು ಮೊದಲ ಭಾಗದ ಒಳಗಿಂದಲೇ ಎದ್ದು ಬಂತು, ಇನ್ನೊಂದು ಮೊದಲ ಭಾಗವನ್ನು ಒರೆಸಿ ಹಾಕಿತು. ನನಗೆ ಕಾಣುವ ವ್ಯತ್ಯಾಸ ಇದು.

ಇಲ್ಲೇ ಇನ್ನೊಂದು ಮಾತು. ಆಬಿ ಪಾತ್ರ ಮಾಡಿದ ನಟಿ ಲಾರಾ ಬೇಲಿ ಅವರಿಗೆ ಅಭಿಮಾನಿಗಳು ಅನ್ನಿಸಿಕೊಂಡವರು ಕೊಲೆ ಬೆದರಿಕೆ ಕಳಿಸಿದರು. ಇದು ನಾಚಿಕೆಗೇಡು. ಕೋಪ ನನಗೂ ಬಂದಿತ್ತು, ಆದರೆ ಒಬ್ಬರು ತಮ್ಮ ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಅವರ ಮನೆಯವರೆಗೂ ಹೆದರಿಕೆ ಹುಟ್ಟಿಸುವುದು ಅಭಿಮಾನವೇ ಅಲ್ಲ.

ಗೇಮ್ ಅಂದರೆ ನಿಮ್ಮ ಹಿರಿಯ ಓದುಗರಿಗೆ ಮಕ್ಕಳಾಟ ಅನ್ನಿಸಬಹುದು. ನಮ್ಮ ವಯಸ್ಸಿನವರನ್ನು ಕೇಳಿ, ಕಾವಲುಗಾರರ ಕಣ್ಣು ತಪ್ಪಿಸಿ ಒಳಗೆ ನುಗ್ಗುವ ಐಜಿಐ ಗೇಮ್ ಅಂದ ಕೂಡಲೇ ಮುಖ ಅರಳುತ್ತದೆ. ನಾನು ಒಂಬತ್ತನೇ ಕ್ಲಾಸಿನಲ್ಲಿ ಇದ್ದಾಗ ಪೇಟೆಯ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ 15 ರೂಪಾಯಿ. ಅಣ್ಣ ಆಡುವುದು, ನಾನು ಪಕ್ಕದಲ್ಲಿ ನಿಂತು ‘ಕ್ಯಾಮೆರಾ ಇದೆ, ಕ್ಯಾಮೆರಾ ಇದೆ’ ಅನ್ನುವುದು. 2000ದ ಆ ಮೊದಲ ಗೇಮ್‌ನಲ್ಲಿ 14 ಮಿಷನ್, ಮಧ್ಯದಲ್ಲಿ ಸೇವ್ ಮಾಡುವ, ಅಂದರೆ ಆಡಿದಷ್ಟನ್ನು ಉಳಿಸಿಟ್ಟು ಅಲ್ಲಿಂದಲೇ ಮುಂದುವರಿಸುವ ಹಾಗೇ ಇಲ್ಲ. ಮುಕ್ಕಾಲು ಗಂಟೆ ತೆವಳಿಕೊಂಡು ಹೋಗಿ ಕೊನೇ ಬಾಗಿಲಲ್ಲಿ ಸತ್ತರೆ ಮತ್ತೆ ಮೊದಲಿನಿಂದ. ಮಳೆಗಾಲದಲ್ಲಿ ಇನ್ನೂ ಕಷ್ಟ, ನಾವು ಸಾಯದಿದ್ದರೂ ಕರೆಂಟ್ ಹೋಗುತ್ತಿತ್ತು. 2003ರಲ್ಲಿ ಬಂದ ಎರಡನೇ ಭಾಗದಲ್ಲಿ ಸೇವ್ ಕೊಟ್ಟರು, ಆದರೆ ಒಂದು ಮಿಷನ್‌ಗೆ ಇಷ್ಟೇ ಸಲ ಅಂತ ಲೆಕ್ಕ ಇಟ್ಟರು. ಇದು ನನಗೆ ಈಗಲೂ ಬಹಳ ಜಾಣ ಕೆಲಸ ಅನ್ನಿಸುತ್ತದೆ. ಆಡುವವರ ಕಷ್ಟಕ್ಕೆ ಕಿವಿ ಕೊಟ್ಟರು, ಆದರೆ ಎದೆ ಢವಢವ ಅನ್ನುವ ಆ ಭಯವನ್ನು ಕೈಬಿಡಲಿಲ್ಲ. ಈಗ ಸೇವ್ ಮಾಡಲೋ, ಆ ಗೋಪುರ ದಾಟಿದ ಮೇಲೆ ಮಾಡಲೋ ಅಂತ ಅಣ್ಣನೂ ನಾನೂ ಜಗಳ ಆಡುತ್ತಿದ್ದೆವು. ಆ ಜಗಳವೂ ಆಟದ ಒಳಗೇ ಸೇರಿತ್ತು.

ದನಿಯ ವಿಷಯವನ್ನೂ ಹೇಳಲೇಬೇಕು. ‘ಮ್ಯಾಕ್ಸ್ ಪೇನ್’ ಗೇಮ್ 2001, 2003, 2012ರಲ್ಲಿ ಮೂರು ಸಲ ಬಂತು. ಮುಖ ಬದಲಾಯಿತು, ಮೂರನೆಯದರ ಹೊತ್ತಿಗೆ ಗೇಮ್ ಮಾಡುವ ಕಂಪನಿಯೂ ಬದಲಾಯಿತು, ಊರು ನ್ಯೂಯಾರ್ಕ್‌ನಿಂದ ಬ್ರೆಜಿಲ್‌ಗೆ ಹೋಯಿತು, ನಾಯಕ ತಲೆ ಬೋಳಿಸಿಕೊಂಡ. ಆದರೂ ಅದು ನಮ್ಮ ಮ್ಯಾಕ್ಸ್ ಅಂತ ಒಪ್ಪಿದ್ದು ಜೇಮ್ಸ್ ಮೆಕ್‌ಕ್ಯಾಫ್ರಿ ಅವರ ದನಿಯಿಂದ, ಮೂರರಲ್ಲೂ ಅವರದ್ದೇ. 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಓದಿ ಮನೆಯವರೇ ಯಾರೋ ಹೋದ ಹಾಗೆ ಬೇಜಾರಾಯಿತು. ನಮ್ಮಲ್ಲೂ ಇದಾಗಿದೆ. 2018ರ ‘ಕೆಜಿಎಫ್’ನ ಕಥೆ ಹೇಳಿದ್ದು ಅನಂತ್ ನಾಗ್. 2022ರ ಎರಡನೇ ಭಾಗದಲ್ಲಿ ಅವರ ಪಾತ್ರದ ಮಗನಾಗಿ ಪ್ರಕಾಶ್ ರಾಜ್ ಬಂದು ಕಥೆ ಮುಂದುವರಿಸಿದರು. ಪ್ರಕಾಶ್ ರಾಜ್ ದೊಡ್ಡ ನಟ, ಸಿನಿಮಾ ನನಗೆ ತುಂಬಾ ಇಷ್ಟ, ತಾಯಿಗೆ ಕೊಟ್ಟ ಮಾತನ್ನು ಕೊನೆಯವರೆಗೂ ಮರೆಯದ ರಾಕಿಯ ಕಥೆ ಅದು. ಹಾಗಿದ್ದೂ ಮೊದಲ ಹದಿನೈದು ನಿಮಿಷ ನನ್ನ ಕಿವಿ ಅನಂತ್ ನಾಗ್ ದನಿಯನ್ನೇ ಹುಡುಕುತ್ತಿತ್ತು. ಮೊದಲ ಸಿನಿಮಾಕ್ಕೇ ಚಾಪ್ಟರ್ 1 ಅಂತ ಹೆಸರಿಟ್ಟು ಇನ್ನೊಂದು ಬರುತ್ತದೆ ಅಂತ ಮುಂಚೆಯೇ ಹೇಳಿದ್ದು ಮೆಚ್ಚಬೇಕಾದ ಮಾತು. ಈಗ ಕೆಲವರು ಅದನ್ನೂ ಹೇಳುವುದಿಲ್ಲ. ಟಿಕೆಟ್‌ಗೆ ಪೂರ್ತಿ ದುಡ್ಡು ತೆಗೆದುಕೊಂಡು ಅರ್ಧ ಕಥೆಗೆ ನಿಲ್ಲಿಸಿ, ಉಳಿದದ್ದು ಮುಂದಿನ ಭಾಗದಲ್ಲಿ ಅಂತ ಪರದೆ ಮೇಲೆ ಬರೆಯುತ್ತಾರೆ. ಊಟಕ್ಕೆ ಕರೆದು ಅನ್ನ ಬಡಿಸಿ, ಸಾರಿಗೆ ಮುಂದಿನ ವರ್ಷ ಬನ್ನಿ ಅಂದ ಹಾಗೆ ಆಗುತ್ತದೆ.

ಹಳೆಯ ಗೇಮ್‌ಗೆ ಹೊಸ ಬಣ್ಣ ಬಳಿದು ಮತ್ತೆ ಮಾರುವುದು ಎರಡನೇ ಭಾಗ ಅಲ್ಲದಿದ್ದರೂ ರೋಗ ಒಂದೇ. 2004ರ ‘ಸ್ಯಾನ್ ಆಂಡ್ರಿಯಾಸ್’ ಸೇರಿ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಸರಣಿಯ ಮೂರು ಹಳೆಯ ಗೇಮ್‌ಗಳನ್ನು 2021ರ ನವೆಂಬರ್‌ನಲ್ಲಿ ಹೊಸದಾಗಿ ಬಿಟ್ಟರು. ಹಳೆಯದರಲ್ಲಿ ದೂರ ಎಲ್ಲ ಮಂಜು ಮುಸುಕಿದ ಹಾಗೆ ಇತ್ತು. ಆಗಿನ ಯಂತ್ರಗಳಿಗೆ ಅಷ್ಟು ದೂರ ತೋರಿಸುವ ಶಕ್ತಿ ಇರಲಿಲ್ಲ, ಅದಕ್ಕೆ ಹಾಗೆ ಮಾಡಿದ್ದರು. ಹೊಸದರಲ್ಲಿ ಆ ಮಂಜು ತೆಗೆದರು. ಬೆಟ್ಟದ ಮೇಲೆ ನಿಂತರೆ ಇಡೀ ನಾಡು ಅಂಗೈಯಲ್ಲಿ ಇಟ್ಟ ಹಾಗೆ ಕಂಡಿತು, ನಾವು ಗಂಟೆಗಟ್ಟಲೆ ಬೈಕ್ ಓಡಿಸಿದ ಊರುಗಳು ಇಷ್ಟು ಹತ್ತಿರ ಇದ್ದವಾ ಅನ್ನಿಸಿತು. ಮಡಿಕೇರಿಯ ರಾಜಾಸೀಟ್‌ನಲ್ಲಿ ಮಂಜು ಕವಿದಾಗ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಣಿವೆಗೆ ಕೊನೆಯೇ ಇಲ್ಲ ಅನ್ನಿಸುವುದು ಕಾಣದೆ ಇರುವುದರಿಂದಲೇ. ಮಳೆಯನ್ನಂತೂ ಬಿಳಿ ದಾರ ಇಳಿಬಿಟ್ಟ ಹಾಗೆ ಮಾಡಿದ್ದರು, ದಾರಿಯೇ ಕಾಣುತ್ತಿರಲಿಲ್ಲ. ಕೊನೆಗೆ ಕಂಪನಿಯೇ ಕ್ಷಮೆ ಕೇಳಿತು, ಕಂಪ್ಯೂಟರ್‌ನಲ್ಲಿ ಆಡುವವರಿಗೆ ಹಳೆಯ ಗೇಮ್‌ಗಳನ್ನು ವಾಪಸ್ ಕೊಟ್ಟಿತು. ಆ ಮಂಜು ಕೊರತೆಯಿಂದ ಹುಟ್ಟಿದ್ದು ನಿಜ, ಆದರೆ ಆಡಿದವರ ನೆನಪಿನಲ್ಲಿ ಅದೇ ಆ ಊರಿನ ಹವೆ ಆಗಿತ್ತು.

ಒಳ್ಳೆಯದನ್ನೂ ಹೇಳಬೇಕು. 2018ರ ‘ಗಾಡ್ ಆಫ್ ವಾರ್’ ಗೇಮ್‌ನಲ್ಲಿ, ಹಿಂದಿನ ಭಾಗಗಳಲ್ಲಿ ಕಂಡವರನ್ನೆಲ್ಲ ಕೊಂದ ನಾಯಕ ಕ್ರೇಟೋಸ್‌ಗೆ ಈಗ ಗಡ್ಡ ಬೆಳೆದಿದೆ, ಒಬ್ಬ ಮಗ ಇದ್ದಾನೆ. ಕೈಗೆ ಬಟ್ಟೆ ಸುತ್ತಿಕೊಂಡಿದ್ದಾನೆ, ಹಳೆಯ ಕತ್ತಿಗಳ ಸರಪಳಿ ಸುಟ್ಟ ಕಲೆ ಕಾಣಬಾರದು ಅಂತ. ಮಗನಿಗೆ ಕಾಯಿಲೆ ಬಂದಾಗ ಬೇರೆ ದಾರಿಯಿಲ್ಲದೆ ಮನೆಯ ನೆಲದಡಿ ಬಚ್ಚಿಟ್ಟ ಆ ಕತ್ತಿಗಳನ್ನು ಹೊರಗೆ ತೆಗೆಯುತ್ತಾನೆ. ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲ ಮನೆಗಳಲ್ಲಿ, ಕೋವಿ, ಒಡಿಕತ್ತಿ ಪೂಜೆಗೆ ಇಡುವುದನ್ನು ನೋಡಿ ಬೆಳೆದವನು ನಾನು. ಆಯುಧ ಕೈಗೆತ್ತಿಕೊಳ್ಳಲು ಅಷ್ಟು ಹಿಂಜರಿಯುವವನನ್ನು ಕಂಡು ಗಂಟಲು ಕಟ್ಟಿತು. ಮೊದಲಿನ ಗೇಮ್‌ಗಳನ್ನು ಆಡದ ನನ್ನ ತಂಗಿಯ ಮಗ ಪಕ್ಕದಲ್ಲಿದ್ದ. ‘ಮಾಮ, ಕತ್ತಿ ಸಿಕ್ಕಿತಲ್ಲ, ಯಾಕೆ ಬೇಜಾರು?’ ಅಂದ. ಅವನಿಗೆ ಹಿಂದಿನದ್ದೆಲ್ಲ ಹೇಳುತ್ತಾ ಕೂತೆ, ರಾತ್ರಿ ಹನ್ನೊಂದಾಯಿತು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಎರಡನೇ ಭಾಗದ ಸಿನಿಮಾ ಬಂದಾಗ ಮೊದಲನೆಯದನ್ನು ಮನಸ್ಸಿಟ್ಟು ನೋಡಿದವರಿಂದಲೇ ವಿಮರ್ಶೆ ಬರೆಸಿ. ಗೇಮ್‌ಗಳ ಬಗ್ಗೆಯೂ ಕನ್ನಡದಲ್ಲಿ ಬರೆಸಿ, ವಾರಕ್ಕೆ ಒಂದು ಕಾಲಂ ಸಾಕು. ಆಡುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ, ಓದಲು ಕನ್ನಡದಲ್ಲಿ ಸಿಗುವುದು ಬಹಳ ಕಡಿಮೆ. 2013ರಲ್ಲಿ ಐದನೆಯದು ಬಂದ ಮೇಲೆ ಜಿಟಿಎ ಆರನೆಯದರ ಮೊದಲ ಟ್ರೇಲರ್ ಕಂಡಿದ್ದೇ 2023ರ ಡಿಸೆಂಬರ್‌ನಲ್ಲಿ, ಹತ್ತು ವರ್ಷ ಆದ ಮೇಲೆ. ಅದರ ಬಗ್ಗೆ ಬರೆಸುವಾಗ ಎಷ್ಟು ಕೋಟಿ ಖರ್ಚು, ಎಷ್ಟು ಕೋಟಿ ಗಳಿಕೆ ಅನ್ನುವುದನ್ನು ಒಂದು ಸಾಲಿನಲ್ಲಿ ಮುಗಿಸಿ. ಐದನೆಯದನ್ನು ಕೊನೆಯವರೆಗೂ ಆಡಿದ ಯಾರಾದರೂ ಒಬ್ಬರು ಉಳಿದದ್ದನ್ನು ಬರೆಯಲಿ.

ಇಂತಿ,
ನಿಮ್ಮ ಓದುಗ
ವಿರಾಜಪೇಟೆ, ಕೊಡಗು