ಎಲೆಕ್ಟ್ರಾನ್ ನೀರಿಗಿಳಿಯುವುದಿಲ್ಲ, ಪುಟ್ಟಿ

ತೀರ್ಥಹಳ್ಳಿ

ಪುಟ್ಟೀ,

ಸತು, ತಾಮ್ರದ ಪಟ್ಟಿಗಳ ಡೇನಿಯಲ್ ಕೋಶ ಎಂಬ ಬ್ಯಾಟರಿಯ ತಂತಿಯಲ್ಲಿ ಎಲೆಕ್ಟ್ರಾನ್ ಸತುವಿನಿಂದ ತಾಮ್ರಕ್ಕೆ, ಕರೆಂಟು ತಾಮ್ರದಿಂದ ಸತುವಿಗೆ. ಯಾವುದು ಸರಿ ಅಂತ ಕೇಳಿದ್ದೀಯ. ಎರಡೂ ಸರಿ. ಕರೆಂಟು ಧನದಿಂದ ಋಣಕ್ಕೆ ಎನ್ನುವ ರೂಢಿ ಹಳೆಯದು. ಥಾಮ್ಸನ್ ಎಲೆಕ್ಟ್ರಾನ್ ಪತ್ತೆ ಮಾಡಿದ್ದು 1897ರಲ್ಲಿ. ಅಷ್ಟು ಹೊತ್ತಿಗೆ ರೂಢಿ ಬೇರುಬಿಟ್ಟಾಗಿತ್ತು. ಎಲೆಕ್ಟ್ರಾನ್ ಋಣ, ಅದಕ್ಕೇ ಅದು ಕರೆಂಟಿನ ಎದುರು ದಿಕ್ಕಿಗೆ ಓಡುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತೇ ಅಂತ ಕತ್ತಿ ಅದ್ದಿ ನೋಡುತ್ತಾರಲ್ಲ? ಕತ್ತಿ ಕೆಂಪಾದರೆ ಸುಣ್ಣ ಸಾಲದು. ಆ ಕೆಂಪೇ ತಾಮ್ರ. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ, ತಾಮ್ರದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ಅದನ್ನು ಪಡೆದು ಲೋಹವಾಗಿ ಅಂಟುತ್ತದೆ. ಕೊಡುವುದೂ ಪಡೆಯುವುದೂ ಒಂದೇ ಜಾಗದಲ್ಲಿ, ತಂತಿಗೆ ಕೆಲಸವೇ ಇಲ್ಲ. ಕಬ್ಬಿಣದ ಜಾಗಕ್ಕೆ ಸತು ತಂದು, ಇಬ್ಬರನ್ನೂ ದೂರ ಕೂರಿಸಿ ನಡುವೆ ತಂತಿ ಎಳೆದರೆ ಅದೇ ಡೇನಿಯಲ್ ಕೋಶ.

ರಜೆಗೆ ಬಂದಾಗ ಮಾಡು. ಎರಡು ಹಳೇ ಜಾಮ್ ಬಾಟಲಿ ಸಾಕು. ಮೈಲುತುತ್ತ ವಿಷ, ಅಡುಗೆಮನೆ ಲೋಟ ಮುಟ್ಟಬೇಡ. ಒಂದರಲ್ಲಿ 100 ಮಿ.ಲೀ. ನೀರಿಗೆ 25 ಗ್ರಾಂ ಮೈಲುತುತ್ತ, ತಾಮ್ರದ ಪಟ್ಟಿ. ಇನ್ನೊಂದರಲ್ಲಿ ಅಷ್ಟೇ ನೀರಿಗೆ 29 ಗ್ರಾಂ ಜಿಂಕ್ ಸಲ್ಫೇಟ್, ಮರಳುಕಾಗದದಲ್ಲಿ ಉಜ್ಜಿದ ಸತುವಿನ ಪಟ್ಟಿ. ಗೊಬ್ಬರದಂಗಡಿಯ ಚೀಲದ ಮೇಲೆ ಸತು 33% ಎಂದಿದ್ದರೆ ಅದು ಹರಳಿನೊಳಗೆ ನೀರು ಕಡಿಮೆ ಇರುವ ಮಾನೋಹೈಡ್ರೇಟು, 18 ಗ್ರಾಂ ಹಾಕು. ಉಪ್ಪುನೀರಲ್ಲಿ ನೆನೆಸಿದ ಬಟ್ಟೆಯ ಒಂದೊಂದು ತುದಿ ಒಂದೊಂದು ಬಾಟಲಿಯಲ್ಲಿರಲಿ. ಮಲ್ಟಿಮೀಟರಿನ ಕೆಂಪು ತಂತಿ ತಾಮ್ರಕ್ಕೆ, ಕಪ್ಪು ಸತುವಿಗೆ. ಹತ್ತಿರಹತ್ತಿರ 1.1 ವೋಲ್ಟ್ ಬರಬೇಕು. ಮೈನಸ್ ತೋರಿಸಿದರೆ ತಂತಿ ಅದಲುಬದಲಾಗಿದೆ.

ಈಗ ಬಟ್ಟೆ ತೆಗೆ. ಕರೆಂಟು ನಿಂತಿತು. ಹಾಗಾದರೆ ಎಲೆಕ್ಟ್ರಾನ್ ಬಟ್ಟೆಯ ಮೂಲಕ ಬರುತ್ತಿತ್ತೇ? ಇಲ್ಲ, ಹುಡುಗರು ಎಡವುವುದೇ ಇಲ್ಲಿ. ಎಲೆಕ್ಟ್ರಾನಿನ ಓಡಾಟ ತಂತಿ, ಪಟ್ಟಿಗಳಲ್ಲಿ ಮಾತ್ರ. ದ್ರಾವಣದಲ್ಲಿ ಓಡಾಡುವುದು ಅಯಾನುಗಳು. ಸತು ಕರಗಿದಂತೆ ಆ ಕಡೆ ಧನ ಅಯಾನು ಹೆಚ್ಚುತ್ತದೆ, ತಾಮ್ರದ ಕಡೆ ಋಣ ಅಯಾನಾದ ಸಲ್ಫೇಟ್ ಒಂಟಿಯಾಗಿ ಉಳಿಯುತ್ತದೆ. ಬಟ್ಟೆಯ ಉಪ್ಪಿನಲ್ಲಿರುವ ಋಣ ಅಯಾನು ಕ್ಲೋರೈಡ್ ಸತುವಿನ ಕಡೆಗೆ, ಧನ ಅಯಾನು ಸೋಡಿಯಂ ತಾಮ್ರದ ಕಡೆಗೆ ಹೋಗಿ ಧನ-ಋಣದ ಲೆಕ್ಕ ಸರಿಮಾಡುತ್ತವೆ. ಹೀಗೆ ಕರೆಂಟು ಹೊರಗೆ ತಾಮ್ರದಿಂದ ಸತುವಿಗೆ, ಒಳಗೆ ಸತುವಿನಿಂದ ತಾಮ್ರಕ್ಕೆ, ಪೂರ್ತಿ ಸುತ್ತು.

ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು, ಎರಡು ಕೋಶ ಸಾಲಾಗಿ ಜೋಡಿಸು. ಮೀಟರಿನಲ್ಲಿ 2.2 ಕಂಡರೂ ಬೆಳಕು ಬಾರದಿದ್ದರೆ ಬಟ್ಟೆಯ ರೋಧ ಹೆಚ್ಚಾಗಿದೆ; ಅಗಲದ ದಪ್ಪ ಬಟ್ಟೆ ಹಾಕಿ ಬಾಟಲಿಗಳನ್ನು ಹತ್ತಿರ ಸರಿಸು. ಸತು ಮೈಲುತುತ್ತದ ನೀಲಿ ನೀರಿಗೆ ಬಿದ್ದರೆ ಕಪ್ಪಾಗುತ್ತದೆ. ಮತ್ತೆ ಕತ್ತಿಯ ಕತೆಯೇ.

ಇನ್ನು ಆನೋಡ್ ಯಾವಾಗಲೂ ಋಣ ಅಂತ ಬಾಯಿಪಾಠ ಮಾಡಬೇಡ. ಎಲೆಕ್ಟ್ರಾನ್ ಬಿಟ್ಟುಕೊಡುವ ಜಾಗವೇ ಆನೋಡ್. ಮಳೆಗೆ ಕರೆಂಟು ಹೋಗಿ ಇನ್ವರ್ಟರ್ ದೀಪ ಉರಿಸುವಾಗ ಬ್ಯಾಟರಿಯ ಋಣ ತುದಿ ಆನೋಡ್. ಕರೆಂಟು ಬಂದು ಚಾರ್ಜ್ ಆಗುವಾಗ ಧನ ತುದಿ ಆನೋಡ್. ಪ್ಲಸ್ ಮೈನಸ್ ಗುರುತು ಮಾತ್ರ ಇದ್ದಲ್ಲೇ ಇರುತ್ತದೆ.

ನಿನ್ನ ಅಪ್ಪ