ಅಜೋಲ್ಲಾ ಬೆಳೆಸಿ ಅನ್ನುವವರು ಲೆಕ್ಕವನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಅಜೋಲ್ಲಾ, ಅಂದರೆ ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಮೇವಿನ ಗಿಡದ ಬಗ್ಗೆ ಬಂದಿದ್ದ ಬರಹ ಓದಿದೆ. ಹಸುವಿಗೆ ದಿನಾ ಎರಡು ಕೆಜಿ ಅಜೋಲ್ಲಾ ಹಾಕಿದರೆ ಒಂದು ಕೆಜಿ ಫೀಡು ಉಳಿಯುತ್ತದೆ ಎಂದು ಅದರಲ್ಲಿತ್ತು. ನಾನು ಮಾಲೂರು ತಾಲ್ಲೂಕಿನವಳು. ಮನೆಯಲ್ಲಿ ಎರಡು ಸೀಮೆಹಸು, ನಾಲ್ಕು ಮೇಕೆ ಇವೆ. ಮೂರು ವರ್ಷದಿಂದ ಅಜೋಲ್ಲಾ ಬೆಳೆಸುತ್ತಿದ್ದೇನೆ, ಈಗಲೂ ಬಿಟ್ಟಿಲ್ಲ. ಆದರೆ ಆ ಲೆಕ್ಕ ಮಾತ್ರ ನಮ್ಮ ಕೊಟ್ಟಿಗೆಯಲ್ಲಿ ಒಂದು ದಿನವೂ ಸರಿಹೋಗಿಲ್ಲ.

ನನಗೂ ಮೊದಲು ಹೇಳಿದ್ದು ಅದೇ ಮಾತು. ಊರಲ್ಲಿ ಒಂದು ದಿನದ ತರಬೇತಿ ಆಯಿತು. ನೀರು ನಿಲ್ಲಿಸುವ ಗುಂಡಿಗೆ ಹಾಸಲು ಮನೆಗೊಂದು ಪ್ಲಾಸ್ಟಿಕ್ ಶೀಟು, ಒಂದು ಕವರ್ ಅಜೋಲ್ಲಾ ಬಿತ್ತನೆ ಕೊಟ್ಟರು. ಫೋಟೊ ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಅದೂ ಮಾರ್ಚ್ ತಿಂಗಳಲ್ಲಿ! ಅಜೋಲ್ಲಾಗೆ ತಂಪು ಬೇಕು. 35 ಡಿಗ್ರಿ ದಾಟಿದರೆ ಸೊರಗುತ್ತದೆ. ನೆರಳಿಲ್ಲದ ಕಡೆ ಗುಂಡಿ ತೆಗೆದವರದ್ದು ಯುಗಾದಿ ಕಳೆಯುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೊಳೆತು ನಾರತೊಡಗಿತು. ಶೀಟುಗಳು ಎಷ್ಟು ತೆಳ್ಳಗಿದ್ದವೆಂದರೆ ಪಕ್ಕದ ಮನೆಯವರದ್ದು ಕೋಳಿ ಕೆರೆದೇ ತೂತಾಯಿತು. ನನ್ನದು ಹುಣಸೆ ಮರದ ಅಡಿಯಲ್ಲಿತ್ತು, ಹೇಗೋ ಬದುಕಿತು.

ಈಗ ಲೆಕ್ಕಕ್ಕೆ ಬರುತ್ತೇನೆ. ಒಂದು ದಿನ ಒಂದು ಕೆಜಿ ಹಸಿ ಅಜೋಲ್ಲಾವನ್ನು ಮೊರದಲ್ಲಿ ಹರವಿ ಬಿಸಿಲಿಗಿಟ್ಟೆ. ಮೂರನೇ ದಿನ ಅಂಗಡಿಗೆ ಒಯ್ದು ತಕ್ಕಡಿಗೆ ಹಾಕಿಸಿದರೆ 65 ಗ್ರಾಂ! ಅಂಗಡಿಯವರು 'ಏನಮ್ಮಾ, ಟೀ ಪುಡಿಯಾ?' ಅಂದರು. ಉಳಿದದ್ದೆಲ್ಲ ಬರೀ ನೀರು. ಅಜೋಲ್ಲಾದಲ್ಲಿ ನೂರಕ್ಕೆ 20ರಿಂದ 30 ಪ್ರೋಟೀನ್ ಇದೆ ಅನ್ನುವುದು ನಿಜ, ಆದರೆ ಅದು ಒಣಗಿದ ಮೇಲಿನ ಮಾತು. ಹಸಿಯದಕ್ಕೆ ಹೇಳಿದರೆ ಮೋಸ ಅಲ್ವಾ? ಆ 65 ಗ್ರಾಮಿನಲ್ಲಿ ಪ್ರೋಟೀನ್ ಸುಮಾರು 15 ಗ್ರಾಂ ಇದ್ದೀತು. ಎರಡು ಕೆಜಿ ಹಸಿ ಹಾಕಿದರೂ 30 ಗ್ರಾಂ. ನಾನು ತರುವ ಫೀಡಿನ ಮೂಟೆಯ ಮೇಲೆ ಪ್ರೋಟೀನ್ ನೂರಕ್ಕೆ 20 ಎಂದಿದೆ. ಅಂದರೆ ಕೆಜಿಗೆ 200 ಗ್ರಾಂ. ಎಲ್ಲಿಯ 30, ಎಲ್ಲಿಯ 200? ನೂರು ಗ್ರಾಂ ಕಡಲೆಕಾಯಿ ಹಿಂಡಿ ನೆನೆಹಾಕಿ ಕೊಟ್ಟರೆ ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಯಲ್ಲಿ ದಿನಕ್ಕೆ ಸಿಗುವುದು ಅರ್ಧ ಕೆಜಿ, ಬಹಳವೆಂದರೆ 600 ಗ್ರಾಂ. ಹಸುವಿಗೆ ಎರಡು ಕೆಜಿ ಬೇಕಾದರೆ ನಾಲ್ಕು ತೊಟ್ಟಿ ಬೇಕು. ನನ್ನ ಎರಡು ಹಸುವಿಗೆ ಎಂಟು. ಕೊಟ್ಟಿದ್ದು ಒಂದು ಶೀಟು! ಕೋಲಾರದ ಬೇಸಿಗೆಯಲ್ಲಿ ಒಂದೊಂದು ತೊಟ್ಟಿಗೆ ದಿನಾ ಹತ್ತು ಲೀಟರ್ ಮೇಲೆ ನೀರು ಆವಿಯಾಗಿ ಹೋಗುತ್ತದೆ. ಸಾವಿರ ಅಡಿ ಬೋರ್ ಕೊರೆಸಿದವರಿಗೆ ಅದರ ಬೆಲೆ ಗೊತ್ತು.

ಹಾಗಾದರೆ ನೀನ್ಯಾಕೆ ಬೆಳೆಸುತ್ತೀಯ ಎಂದು ಕೇಳಬಹುದು. ಬೇಸಿಗೆಯಲ್ಲಿ ನೇಪಿಯರ್ ಹುಲ್ಲು ಒಣಗಿ, ಬರೀ ರಾಗಿ ಹುಲ್ಲು ಹಾಕುವ ಕಾಲದಲ್ಲಿ ಹಸುವಿನ ಬಾಯಿಗೆ ಒಂದಿಷ್ಟು ಹಸಿರು ಬೀಳುತ್ತದೆ, ಅದಕ್ಕೆ. ಅದರಲ್ಲಿ ಖನಿಜಾಂಶವೂ ಇದೆ. ಖರ್ಚೂ ಕಡಿಮೆ. ಇದು ಪಾಚಿಯಲ್ಲ, ನೀರ ಮೇಲೆ ತೇಲುವ ಜರೀಗಿಡ. ಇದರ ಎಲೆಯೊಳಗೆ ಅನಬೀನಾ ಎಂಬ ಸೂಕ್ಷ್ಮಜೀವಿ ಕೂತು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಹಾಗಾಗಿ ಯೂರಿಯಾ ಬೇಡ. ಐದು ದಿನಕ್ಕೊಮ್ಮೆ ಒಂದು ಕೆಜಿ ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್ ಗೊಬ್ಬರ ಕದಡಿ ಬಿಟ್ಟರೆ ಸಾಕು. ಹತ್ತು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಆ ಹಳೇ ನೀರು ಹಾಕಿದ ಬದನೆ ಗಿಡ ನೋಡಬೇಕು ನೀವು!

ಹಸು ಮೊದಮೊದಲು ಮೂಸಿ ಮುಖ ತಿರುಗಿಸುತ್ತದೆ, ಸಗಣಿ ವಾಸನೆಗೆ. ಜರಡಿಯಲ್ಲಿ ಹಾಕಿ ಎರಡು ಮೂರು ಸಲ ತೊಳೆದು, ಬೂಸಾ ಜೊತೆ ಕಲಸಿ ಕೊಟ್ಟರೆ ವಾರದಲ್ಲಿ ರೂಢಿಯಾಗುತ್ತದೆ. ತೊಳೆದ ನೀರನ್ನು ಚೆಲ್ಲಬೇಡಿ, ಅದರಲ್ಲಿ ಮರಿ ಎಲೆಗಳಿರುತ್ತವೆ, ತೊಟ್ಟಿಗೇ ಸುರಿಯಿರಿ. ಸುಮ್ನೆ ಸಿಗುತ್ತದೆ ಎಂದು ಕೆರೆಯಲ್ಲಿ ತೇಲುವುದನ್ನು ಮಾತ್ರ ತರಬೇಡಿ. ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ನೀರಲ್ಲಿ ಸೀಸ, ಕ್ಯಾಡ್ಮಿಯಂನಂಥವು ಇದ್ದರೆ ಅಜೋಲ್ಲಾ ಹೀರಿಕೊಳ್ಳುತ್ತದೆ. ಅದನ್ನು ತಿಂದ ಹಸುವಿನ ಹಾಲನ್ನು ನಾವೇ ತಾನೇ ಕುಡಿಯುವುದು?

ತರಬೇತಿ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಫೀಡು ಬಿಡಿಸುತ್ತೇವೆ ಎನ್ನಬೇಡಿ, ಫೀಡಿನ ಜೊತೆಗೆ ಹಾಕಿ ಎನ್ನಿ. ಆ ಮಾತು ನಂಬಿ ಫೀಡು ಇಳಿಸಿ, ಹಾಲು ಇಳಿದ ಮೇಲೆ ತೊಟ್ಟಿ ಮುಚ್ಚಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ತರಬೇತಿಯನ್ನು ಮಳೆ ಶುರುವಾದ ಮೇಲೆ ಮಾಡಿ. ಬೇಸಿಗೆಯಲ್ಲಿ ಒಮ್ಮೆಯಾದರೂ ಬಂದು ತೊಟ್ಟಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಡೈರಿ ಹತ್ತಿರ ಶೇಡ್‌ನೆಟ್ ಕಟ್ಟಿ ಎಲ್ಲರಿಗೂ ಬಿತ್ತನೆ ಸಿಗುವಂತೆ ಒಂದು ತಾಯಿ ತೊಟ್ಟಿ ಇಡಿ. ಈಗ ಮೇ ತಿಂಗಳಲ್ಲಿ ಒಬ್ಬರದ್ದು ಸತ್ತರೆ ಬಿತ್ತನೆಗೆ ಕೋಲಾರದ ಹತ್ತಿರದ ಟಮಕದ ಕೃಷಿ ವಿಜ್ಞಾನ ಕೇಂದ್ರದವರೆಗೆ ಹೋಗಿ ವಿಚಾರಿಸಬೇಕು. ಬಸ್ ಚಾರ್ಜು, ಒಂದು ದಿನದ ಕೆಲಸ ಕೊಟ್ಟು ಯಾರು ಹೋಗುತ್ತಾರೆ? ಡೈರಿಗಾದರೆ ದಿನಾ ಎರಡು ಹೊತ್ತು ಹಾಲು ಹಾಕಲು ಹೋಗಿಯೇ ಹೋಗುತ್ತೇವೆ. ಬರುವಾಗ ಒಂದು ಕೈಲಿ ಖಾಲಿ ಕ್ಯಾನು, ಇನ್ನೊಂದು ಕೈಲಿ ಒಂದು ಕವರ್ ಬಿತ್ತನೆ.

– ಒಬ್ಬ ಹಾಲು ಉತ್ಪಾದಕಿ, ಮಾಲೂರು ತಾಲ್ಲೂಕು, ಕೋಲಾರ ಜಿಲ್ಲೆ