ಕ್ಲೋಸಿಂಗ್ ಸೇಲ್ ಯಾವಾಗ ಮೇಡಂ?

ಸಂಪಾದಕರಿಗೆ ನಮಸ್ಕಾರ.

ನಾನು ಮೈಸೂರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಒಂಬತ್ತು ವರ್ಷದಿಂದ ಬಿಲ್ಲಿಂಗ್ ಕೌಂಟರ್‌ನಲ್ಲಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ, ಅಲ್ವಾ?

ಹೋದ ಶನಿವಾರ ಹಳೇ ಗಿರಾಕಿಯೊಬ್ಬರು ದುಡ್ಡು ಕೊಡುತ್ತಾ ಕೇಳಿದರು, “ಮುಚ್ತಾರಂತಲ್ಲ, ಕ್ಲೋಸಿಂಗ್ ಸೇಲ್ ಯಾವಾಗ ಮೇಡಂ?” ಅವರ ತಪ್ಪೇನಿಲ್ಲ. “ಗೊತ್ತಿಲ್ಲ ಸರ್” ಅಂದು, ಕ್ಯಾರಿ ಬ್ಯಾಗ್ ಬೇಕಾ ಎಂದು ಕೇಳಿದೆ.

ನಿಜಕ್ಕೂ ಗೊತ್ತಿಲ್ಲ. ನಮಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ರ‍್ಯಾಕ್ ನೋಡಿದರೆ ತಿಳಿಯುತ್ತದೆ. ಸಾಲಕ್ಕೆ ಮಾಲು ಇಳಿಸುತ್ತಿದ್ದ ಡಿಸ್ಟ್ರಿಬ್ಯೂಟರ್‌ಗಳು ಈಗ ಹಳೇ ಬಾಕಿ ಕೊಟ್ಟರೆ ಮಾತ್ರ ಗಾಡಿ ಕಳಿಸುತ್ತೇವೆ ಅನ್ನುತ್ತಾರೆ. ಖಾಲಿ ಕಾಣಬಾರದು ಅಂತ ಅಡುಗೆ ಎಣ್ಣೆ ಇರುತ್ತಿದ್ದ ಜಾಗದಲ್ಲಿ ಉಪ್ಪಿನ ಪ್ಯಾಕೆಟ್‌ಗಳನ್ನು ಮುಂದಕ್ಕೆ ಎಳೆದು ಒಂದೇ ಸಾಲು ನಿಲ್ಲಿಸುತ್ತೇವೆ. ಅದರ ಹಿಂದೆ ಕೈ ಹಾಕಿದರೆ ಬರೀ ತಗಡು. ಎಸಿ ಹಾಕುವುದು ಹನ್ನೊಂದರ ಮೇಲೆ. ಬಿಲ್ ರೋಲ್ ಮುಗಿದರೆ ಪಕ್ಕದ ಕೌಂಟರಿನಿಂದ ಕಡ. ಹೌಸ್‌ಕೀಪಿಂಗ್‌ನವರು ಯುಗಾದಿಗೂ ಮೊದಲೇ ಹೋದರು. ಅವರು ಏಜೆನ್ಸಿಯವರು ಅಂತ ಯಾರೂ ಲೆಕ್ಕಕ್ಕೇ ಇಡಲಿಲ್ಲ, ನಾವೂ ಇಡಲಿಲ್ಲ.

2022ರ ಫೆಬ್ರವರಿ ಕೊನೆಯಲ್ಲಿ ಬಿಗ್ ಬಜಾರ್ ಮಳಿಗೆಗಳು ಇದ್ದಕ್ಕಿದ್ದಂತೆ ಬಾಗಿಲು ಹಾಕಿದ್ದು ನಿಮಗೆ ನೆನಪಿರಬಹುದು. ಆಗ ನಾವು ಟೀ ಕುಡಿಯುತ್ತಾ “ಇನ್ನು ಅವರ ಗಿರಾಕಿಗಳೂ ನಮಗೇ” ಅಂತ ನಕ್ಕಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವಾರದಿಂದ ಒಬ್ಬೊಬ್ಬರನ್ನೇ ಮ್ಯಾನೇಜರ್ ರೂಮಿಗೆ ಕರೆಯುತ್ತಿದ್ದಾರೆ. “ನೀವೇ ರಿಸೈನ್ ಮಾಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ” ಅನ್ನುವುದು ಮಾತು. ಟೈಪ್ ಮಾಡಿದ ಹಾಳೆ ರೆಡಿ ಇರುತ್ತದೆ, “ವೈಯಕ್ತಿಕ ಕಾರಣಗಳಿಂದ” ಅಂತ. ಆರು ಜನ ಸಹಿ ಹಾಕಿ ಬಂದರು. ಮ್ಯಾನೇಜರ್ ಕೆಟ್ಟವರಲ್ಲ, ಪಾಪ, ಪಟ್ಟಿಯಲ್ಲಿ ಅವರ ಹೆಸರೂ ಇದೆಯಂತೆ.

ಈ ಪತ್ರ ಬರೆಯುತ್ತಿರುವುದೇ ಆ ಸಹಿಗಾಗಿ. ಐದು ವರ್ಷ ದಾಟಿದವರಿಗೆ ಗ್ರಾಚುಟಿ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕಂಪನಿ ಕೊಡುವ ದುಡ್ಡು, ರಾಜೀನಾಮೆ ಕೊಟ್ಟರೂ ಬರುತ್ತದೆ. ನನ್ನ ಬೇಸಿಕ್ 11,700 ರೂಪಾಯಿ. 26ರಿಂದ ಭಾಗಿಸಿ, 15ರಿಂದ ಗುಣಿಸಿ, ಒಂಬತ್ತು ವರ್ಷಕ್ಕೆ 60,750 ಆಗುತ್ತದೆ. ಆದರೆ ಕಂಪನಿಯೇ ತೆಗೆದರೆ ಅದರ ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಮತ್ತೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಹೀಗೇ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹೀಗೇ ಇದೆ. “ವೈಯಕ್ತಿಕ ಕಾರಣ” ಅಂತ ಸಹಿ ಹಾಕಿದರೆ ಆ ಪರಿಹಾರ ಕೇಳುವುದಕ್ಕೆ ಬಾಯಿ ಇರುವುದಿಲ್ಲ. ಸಹಿ ಹಾಕಿದ ಆರು ಜನರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಕೆಲಸ ಹೋದವರಿಗೆ ಷರತ್ತುಗಳ ಮೇಲೆ 90 ದಿನದವರೆಗೆ ಅರ್ಧ ಸಂಬಳ ಕೊಡುವ ಯೋಜನೆ ಕಾರ್ಮಿಕರ ವಿಮೆಯಾದ ಇಎಸ್‌ಐಯಲ್ಲಿದೆ ಅನ್ನುವುದೂ ಗೊತ್ತಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ನನ್ನ ತಮ್ಮನಿಂದ. ಅವನಿಗೆ ಕಾರ್ಖಾನೆ ಕೆಲಸ, ಅಲ್ಲಿ ಯೂನಿಯನ್ ಇದೆ.

ದೊಡ್ಡ ಕಾರ್ಖಾನೆಯಲ್ಲಿ ಜನರನ್ನು ತೆಗೆಯಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು. ಅಂಗಡಿಗೆ ಅದು ಬೇಡ. ನಿಂತೇ ದುಡಿಯುವ ನಮಗೂ ಮಷಿನ್ ಮುಂದೆ ನಿಲ್ಲುವವರಿಗೂ ಯಾಕಿಷ್ಟು ವ್ಯತ್ಯಾಸವೋ! ಇರಲಿ. ಕಾರ್ಮಿಕ ಇಲಾಖೆಯವರು ಇಂಥ ಅಂಗಡಿಗಳಿಗೆ ಅರ್ಧ ದಿನ ಬಂದು, ನಮ್ಮ ಹಕ್ಕು ಏನು ಅಂತ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದರೆ ಸಾಕು. ಹಾಜರಿ ಹಾಕುವ ಯಂತ್ರದ ಪಕ್ಕದಲ್ಲೇ ಅಂಟಿಸಲಿ, ಪಂಚ್ ಮಾಡುವಾಗ ಎಲ್ಲರೂ ಓದುತ್ತಾರೆ. ಕಂಪನಿಯವರಿಗೆ ನಾನು ಕೇಳುವುದು ಇನ್ನೂ ಕಡಿಮೆ: ಮುಚ್ಚುವುದಾದರೆ ತಾರೀಖು ಹೇಳಿ. ಮಗಳ ಪಿಯುಸಿ ಫೀಸಿಗೆ ಸಂಘದಲ್ಲಿ ಸಾಲ ತೆಗೆಯಲೋ ಬೇಡವೋ ಅಂತ ಒಂದು ತಿಂಗಳಿಂದ ಸುಮ್ನೆ ಕೂತಿದ್ದೇನೆ.

ಅಲ್ಲಿಯವರೆಗೆ ನಮ್ಮ ಸಿದ್ಧತೆ ನಾವು ಮಾಡಿಕೊಳ್ಳುತ್ತಿದ್ದೇವೆ. ಪೇ ಸ್ಲಿಪ್, ಅಪಾಯಿಂಟ್‌ಮೆಂಟ್ ಆರ್ಡರ್, ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್ ಎಲ್ಲವನ್ನೂ ಹಳೇ ಬಿಸ್ಕತ್ ಡಬ್ಬಿಗೆ ಹಾಕಿಟ್ಟಿದ್ದೇನೆ. ಜೊತೆಯವಳೊಬ್ಬಳು ಆಗಲೇ ಸಂಜೆ ಹೊತ್ತು ಆರ್ಡರ್ ಮೇಲೆ ಚಪಾತಿ ಮಾಡಿಕೊಡುತ್ತಾಳೆ.

ಮ್ಯಾನೇಜರ್ ರೂಮಿಗೆ ನನ್ನ ಸರದಿ ಸೋಮವಾರವಂತೆ. ಪೆನ್ನು ಕೌಂಟರಿನಲ್ಲೇ ಬಿಟ್ಟು ಹೋಗುತ್ತೇನೆ.

— ಬಿಲ್ಲಿಂಗ್ ಕೌಂಟರಿನವಳು, ಮೈಸೂರು